ಒಣಗಿದ ಶೇಂಗಾಕ್ಕೂ ಮುಗ್ಗಿದ ಶೇಂಗಾಕ್ಕೂ ಒಂದೇ ಧಾರಣೆಯೇ?

ಶೇಂಗಾದ ಹಂಗಾಮಿನಲ್ಲಿ ಚಳ್ಳಕೆರೆಯ ಮಾರುಕಟ್ಟೆ ಪ್ರಾಂಗಣಕ್ಕೆ ಬಂದ ರಾಶಿಯ ಮುಂದೆ ಖರೀದಿದಾರರು ನಡೆಸುವ ಪರೀಕ್ಷೆ ನಮಗೆಲ್ಲ ಚಿರಪರಿಚಿತ. ಹಿಡಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳುವುದು, ನಾಲ್ಕಾರು ಕಾಯಿ ಒಡೆದು ಬೀಜ ಎಷ್ಟು ತುಂಬಿದೆಯೆಂದು ನೋಡುವುದು, ಒಂದೆರಡನ್ನು ಕಚ್ಚಿ ರುಚಿ ನೋಡುವುದು, ಜೊಳ್ಳು ಎಷ್ಟು, ಮಣ್ಣು ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಟೆಂಡರಿಗೆ ದರ ನಮೂದಿಸುವುದು. ತಲೆತಲಾಂತರದಿಂದ ಬಂದ ಈ ಜಾಣ್ಮೆಯನ್ನು ಲಘುವಾಗಿ ಕಾಣುವವನು ನಾನಲ್ಲ. ಕ್ವಿಂಟಾಲಿಗೆ ಎಷ್ಟು ಬೀಜ ಇಳಿಯುತ್ತದೆ ಎಂಬುದನ್ನು ಅನುಭವಿಗಳು ಒಂದೆರಡು ಕಿಲೋ ವ್ಯತ್ಯಾಸದೊಳಗೆ ಹೇಳಬಲ್ಲರು. ಆದರೆ ಇಂದು ಶೇಂಗಾ ವ್ಯಾಪಾರದ ಹಣೆಬರಹವನ್ನು ನಿರ್ಧರಿಸುತ್ತಿರುವ ಎರಡು ಸಂಗತಿಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಒಂದು, ಕಾಯಿಯೊಳಗಿನ ತೇವಾಂಶ. ಇನ್ನೊಂದು, ಆ ತೇವಾಂಶದಿಂದ ಬೆಳೆಯುವ ಬೂಷ್ಟು ಮತ್ತು ಅದರ ಜೊತೆಗೇ ಸೇರಿಕೊಳ್ಳುವ ಹುಳು.

ನಾವು ಅಳೆಯದೆ ಇರುವುದಕ್ಕೆ ಬೆಲೆಯನ್ನೂ ಕೊಡುತ್ತಿಲ್ಲ. ನನ್ನಿವಾಳದ ಕಡೆಯ ರೈತನೊಬ್ಬ ಐದು ದಿನ ಬಿಸಿಲಿಗೆ ಹರಡಿ, ರಾತ್ರಿ ಇಬ್ಬನಿಗೆ ಟಾರ್ಪಾಲು ಹೊದಿಸಿ, ಚೆನ್ನಾಗಿ ಒಣಗಿಸಿ ತಂದ ಕಾಯಿಗೂ, ಮಳೆಗೆ ಸಿಕ್ಕಿದ ಬಣವೆಯಿಂದ ನೇರವಾಗಿ ಬಿಡಿಸಿ ಚೀಲ ತುಂಬಿದ ಕಾಯಿಗೂ ಹಲವು ಸಲ ಧಾರಣೆಯಲ್ಲಿ ಹೇಳಿಕೊಳ್ಳುವಂಥ ಅಂತರವೇ ಇರುವುದಿಲ್ಲ. ಹಸಿ ಕಾಯಿ ತೂಕ ಹೆಚ್ಚು ತೂಗುವುದರಿಂದ ಒಣಗಿಸಿದವನಿಗೇ ನಷ್ಟ. ‘ಒಣಗಿಸಿ ತಂದರೆ ನಮಗೇನು ಸಿಗ್ತದೆ ಸಾವ್ಕಾರ್ರೆ?’ ಎಂದು ರೈತ ಕೇಳಿದರೆ ಉತ್ತರ ಕೊಡಲು ನಮ್ಮಲ್ಲಿ ಏನಿದೆ? ರೈತರಿಗೆ ತಿಳಿವಳಿಕೆ ಇಲ್ಲವೆಂದು ಸಭೆಗಳಲ್ಲಿ ಭಾಷಣ ಮಾಡುವುದು ಸುಲಭ. ತಿಳಿವಳಿಕೆಯ ಕೊರತೆಗಿಂತ ದೊಡ್ಡ ಕೊರತೆ ನಮ್ಮ ಖರೀದಿಯ ಪದ್ಧತಿಯಲ್ಲಿದೆ ಎಂಬುದು ಈ ಲೇಖನದ ವಾದ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಸ್ಥಿತಿ ಬೇರೆ ಕಡೆಯಂತಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ನಮ್ಮದೂ ಒಂದು. ಜೂನ್, ಜುಲೈನಲ್ಲಿ ಬಿತ್ತಿದ ಶೇಂಗಾ ಕೆಂಪು ಮರಳುಭೂಮಿಯಲ್ಲಿ ಹೇಗೋ ಜೀವ ಹಿಡಿದುಕೊಂಡು ಬೆಳೆಯುತ್ತದೆ. ಕಾಯಿ ಬಲಿಯುವ ಕೊನೆಯ ನಾಲ್ಕಾರು ವಾರಗಳಲ್ಲಿ ಮಳೆ ಕೈಕೊಡುವುದು ಸಾಮಾನ್ಯ. ಕಿತ್ತು ಹಾಕುವ ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ ಸುರಿಯುವುದೂ ಅಷ್ಟೇ ಸಾಮಾನ್ಯ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಬೇಕಿಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಹಳದಿ ಶಿಲೀಂಧ್ರ ಮಣ್ಣಿನಲ್ಲೇ ವಾಸಿಸುವಂಥದು. ಬರದ ಬೇಗೆಯಲ್ಲಿ ಮಣ್ಣು ಕಾದು ಗಿಡ ಸೊರಗಿದಾಗ ಕಾಯಿಯ ಸಹಜ ರಕ್ಷಣೆ ಕುಗ್ಗುತ್ತದೆ, ಶಿಲೀಂಧ್ರ ನೆಲದೊಳಗೇ ಬೀಜವನ್ನು ಪ್ರವೇಶಿಸುತ್ತದೆ. ಗೆದ್ದಲು ಕೆರೆದ ಕಾಯಿ, ಬಿರುಕುಬಿಟ್ಟ ಕಾಯಿ, ಸಲಿಕೆ ತಾಗಿದ ಕಾಯಿಗಳಿಗೆ ಅಪಾಯ ಇನ್ನೂ ಹೆಚ್ಚು. ಕಿತ್ತ ಮೇಲೆ ನಿಧಾನವಾಗಿ ಒಣಗಿದರೆ ಒಳಗೆ ಸೇರಿದ್ದ ಬೂಷ್ಟು ವಿಷವನ್ನು ಮನಬಂದಂತೆ ಉತ್ಪಾದಿಸುತ್ತದೆ. ಆ ವಿಷದ ಹೆಸರೇ ಅಫ್ಲಾಟಾಕ್ಸಿನ್.

ತಳಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ನಮ್ಮ ರೈತರು ಇಂದಿಗೂ ನೆಚ್ಚಿಕೊಂಡಿರುವ ಟಿಎಂವಿ–2 ತಳಿ ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಹೊರಬಂದದ್ದು. ಇಷ್ಟು ವರ್ಷ ಒಂದು ತಳಿ ಉಳಿದಿದೆಯೆಂದರೆ ಅದರಲ್ಲಿ ಗುಣವಿರಲೇಬೇಕು. ಆದರೆ ಈ ಗೊಂಚಲು ಜಾತಿಯ ಶೇಂಗಾಕ್ಕೆ ಬೀಜದ ಸುಪ್ತಾವಸ್ಥೆ ಇಲ್ಲವೆನ್ನುವಷ್ಟು ಕಡಿಮೆ. ಬಲಿತ ಕಾಯಿಗೆ ಮಳೆ ಸೋಕಿದರೆ ಹೊಲದಲ್ಲೇ, ಬಣವೆಯಲ್ಲೇ ಮೊಳಕೆಯೊಡೆಯುತ್ತದೆ. 2021ರ ನವೆಂಬರಿನ ಅಕಾಲಿಕ ಮಳೆ ರಾಜ್ಯದ ಉದ್ದಗಲಕ್ಕೂ ಕಟಾವಿನ ಬೆಳೆಗಳನ್ನು ಕೆಡಿಸಿತು. ಮರು ವರ್ಷ ಮಳೆ ಎಷ್ಟಾಯಿತೆಂದರೆ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 2023ರಲ್ಲಿ ಮತ್ತೆ ಬರ. ಅತಿವೃಷ್ಟಿ, ಅನಾವೃಷ್ಟಿಗಳು ಹೀಗೆ ಒಂದರ ಬೆನ್ನಿಗೆ ಒಂದು ಬರುವ ನಾಡಿನಲ್ಲಿ ಬೂಷ್ಟನ್ನು ಅಪರೂಪದ ಆಪತ್ತೆಂದು ಭಾವಿಸಿ ವ್ಯಾಪಾರ ಮಾಡುವುದು ವಿವೇಕವಲ್ಲ.

ಈಗ ತೇವಾಂಶದ ವಿಚಾರ. ಜೋಳ, ಗೋವಿನಜೋಳಗಳನ್ನು ಶೇಕಡ 12–13ರ ತೇವಾಂಶದಲ್ಲಿ ಇಟ್ಟರೂ ಕೆಡುವುದಿಲ್ಲ, ಶೇಂಗಾ ಮಾತ್ರ ಏಕೆ ಶೇಕಡ 8 ಇರಬೇಕೆಂದು ಅನೇಕರು ಕೇಳುತ್ತಾರೆ. ಕಾರಣ ಸರಳ. ಶೇಂಗಾ ಬೀಜದ ಅರ್ಧದಷ್ಟು ಭಾಗ ಎಣ್ಣೆ. ಎಣ್ಣೆ ನೀರನ್ನು ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಬೀಜದಲ್ಲಿರುವ ನೀರೆಲ್ಲ ಉಳಿದ ಅರ್ಧ ಭಾಗದಲ್ಲೇ ಕೂಡಿಕೊಂಡಿರುತ್ತದೆ. ಮೀಟರಿನಲ್ಲಿ ಶೇಕಡ 10 ಎಂದು ಕಂಡದ್ದು ಬೂಷ್ಟಿನ ಪಾಲಿಗೆ ಧಾನ್ಯದ ಶೇಕಡ 15ಕ್ಕೂ ಮೀರಿದ ತೇವವಿದ್ದಂತೆ. ಆದ್ದರಿಂದಲೇ ಬೆಂಬಲ ಬೆಲೆಯ ಖರೀದಿಯಲ್ಲಿಯೂ ಕಾಯಿಗೆ ಶೇಕಡ 8ರ ಮಿತಿಯಿದೆ. ಸುಲಿದ ಬೀಜ ಇನ್ನೂ ಒಂದು ಪಾಲು ಒಣಗಿರಬೇಕು.

ವರ್ತಕರಿಗೆ ರೂಪಾಯಿ ಪೈಸೆಯ ಲೆಕ್ಕವೇ ಸ್ಪಷ್ಟ. ಶೇಕಡ 12 ತೇವಾಂಶದ 100 ಕ್ವಿಂಟಾಲ್ ಕಾಯಿ ಕೊಂಡಿರೆಂದು ಭಾವಿಸೋಣ. ಅದರಲ್ಲಿ ಒಣ ಪದಾರ್ಥ 88 ಕ್ವಿಂಟಾಲ್ ಮಾತ್ರ. ಗೋದಾಮಿನಲ್ಲಿ ಅದು ಶೇಕಡ 8ಕ್ಕೆ ಇಳಿದಾಗ ತೂಕ 95 ಕ್ವಿಂಟಾಲ್ 65 ಕಿಲೋ ಆಗುತ್ತದೆ. ಅಂದರೆ ನಾಲ್ಕು ಕ್ವಿಂಟಾಲಿಗೂ ಹೆಚ್ಚು ನೀರನ್ನು ನಾವು ಶೇಂಗಾದ ಬೆಲೆಗೆ ಕೊಂಡಂತಾಯಿತು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ 7,263 ರೂಪಾಯಿ. ಆ ದರದಲ್ಲಿ ಲೆಕ್ಕ ಹಾಕಿದರೆ ಒಂದು ಲಾರಿಗಿಂತ ಕಡಿಮೆ ಮಾಲಿನಲ್ಲಿ 31,000 ರೂಪಾಯಿಗೂ ಮೀರಿ ಆವಿಯಾಗಿ ಹೋಗುತ್ತದೆ. ಇದು ಅನುಭವಿ ಖರೀದಿದಾರರಿಗೆ ತಿಳಿಯದ್ದೇನಲ್ಲ. ತಿಳಿದಿರುವುದರಿಂದಲೇ ಅವರು ಎಲ್ಲ ರಾಶಿಗೂ ಒಂದಿಷ್ಟು ಕಡಿಮೆ ದರ ಹಾಕಿ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಪರಿಣಾಮವಾಗಿ ಹಸಿ ತಂದವನ ನೀರಿನ ಹಣವನ್ನು ಒಣಗಿಸಿ ತಂದವನು ತೆರುತ್ತಾನೆ. ಒಂದೆರಡು ಹಂಗಾಮು ಹೀಗಾದರೆ ಅವನೂ ಒಣಗಿಸುವ ಗೋಜಿಗೆ ಹೋಗುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಚೆನ್ನಾಗಿ ಒಣಗಿದ ಕಾಯಿಯನ್ನು ಯಂತ್ರಕ್ಕೆ ಹಾಕಿದರೆ ಬೀಜ ಒಡೆದು ಬೇಳೆಯಾಗುತ್ತದೆ ಎಂದು ಸುಲಿಯುವ ಮುನ್ನ ರಾಶಿಗೆ ನೀರು ಚಿಮುಕಿಸುವ ವಾಡಿಕೆ ಅನೇಕ ಕಡೆ ಇದೆ. ಮನೆಯಲ್ಲಿ ಕೈಯಿಂದ ಬಿತ್ತನೆ ಬೀಜ ಸುಲಿಯುವಾಗಲೂ ಸಿಪ್ಪೆ ಮೆತ್ತಗಾಗಲೆಂದು ನೀರು ಹಾಕುತ್ತಾರೆ. ಸಿಪ್ಪೆ ಕಳಚಿದ ತೇವದ ಬೀಜ ಚೀಲ ಸೇರಿದರೆ ಬೂಷ್ಟಿಗೆ ಹೊರಗಿನ ಬಾಗಿಲೂ ತೆರೆದಂತೆ, ಒಳಗಿನ ಬಾಗಿಲೂ ತೆರೆದಂತೆ. ಶೇಂಗಾದ ಅಫ್ಲಾಟಾಕ್ಸಿನ್ ಕುರಿತು ಅಧ್ಯಯನ ಮಾಡಿದ ಇಕ್ರಿಸ್ಯಾಟಿನಂಥ ಸಂಸ್ಥೆಗಳು ಎತ್ತಿ ತೋರಿಸಿದ ಕಾರಣಗಳಲ್ಲಿ ಇದೂ ಒಂದು. ಯಂತ್ರದ ಜಾಲರಿಯನ್ನು ಕಾಯಿಯ ಗಾತ್ರಕ್ಕೆ ತಕ್ಕಂತೆ ಬದಲಿಸಿ, ವೇಗ ತಗ್ಗಿಸಿದರೆ ಒಡಕು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಅದಕ್ಕೆ ಸ್ವಲ್ಪ ತಾಳ್ಮೆ ಬೇಕು. ನೀರಿಗೆ ತಾಳ್ಮೆಯೂ ಬೇಡ, ಖರ್ಚೂ ಇಲ್ಲ, ಮೇಲಾಗಿ ತೂಕವೂ ಬರುತ್ತದೆ. ಈ ಕೊನೆಯ ಲಾಭವೇ ವಾಡಿಕೆ ಉಳಿದುಬಂದಿರುವುದಕ್ಕೆ ನಿಜವಾದ ಕಾರಣವೆಂದು ನನ್ನ ಬಲವಾದ ಅನುಮಾನ.

ಹುಳುವಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಕಾಯಿ ಶೇಂಗಾವನ್ನು ಕೊರೆಯುವ ಮುಖ್ಯ ಶತ್ರು ಕ್ಯಾರಿಡಾನ್ ಸೆರಾಟಸ್ ಎಂಬ ಕಂದು ಬಣ್ಣದ ಸಣ್ಣ ದುಂಬಿ. ಹೆಣ್ಣು ದುಂಬಿ ಸಿಪ್ಪೆಯ ಮೇಲೆ ಮೊಟ್ಟೆಯನ್ನು ಅಂಟಿಸುತ್ತದೆ. ಮರಿಹುಳು ಸಿಪ್ಪೆ ಕೊರೆದು ನೇರವಾಗಿ ಬೀಜದೊಳಗೆ ಇಳಿಯುತ್ತದೆ. ಹೊರಗಿನಿಂದ ನೋಡುವವರಿಗೆ ಕಾಯಿ ಗಟ್ಟಿಯಾಗಿಯೇ ಇರುತ್ತದೆ. ಬೀಜ ತಿಂದು ಮುಗಿಸಿ ಹೊರಬಂದಾಗ ಮಾತ್ರ ದುಂಡನೆಯ ತೂತು ಕಾಣುತ್ತದೆ, ಚೀಲದ ಹೊರಮೈಯಲ್ಲಿ ಕಾಗದದಂಥ ಬಿಳಿ ಗೂಡುಗಳು ಅಂಟಿಕೊಳ್ಳುತ್ತವೆ. ಈ ಹುಳುವಿನ ತವರು ಶೇಂಗಾ ಅಲ್ಲ, ಹುಣಸೆ. ಹುಣಸೆಹಣ್ಣಿನ ಬೀಜದಲ್ಲಿ ಇದು ವರ್ಷವಿಡೀ ವಂಶ ಬೆಳೆಸುತ್ತದೆ. ನಮ್ಮ ಸೀಮೆಯಲ್ಲಿ ಊರ ಸುತ್ತ ಹುಣಸೆಮರ, ಕಣದ ಬದಿಯಲ್ಲಿ ಹುಣಸೆಮರ, ನೆರಳಿದೆಯೆಂದು ಶೇಂಗಾ ರಾಶಿಯನ್ನು ಹಾಕುವುದೂ ಅದರ ಕೆಳಗೇ. ಪೇಟೆಯಲ್ಲಾದರೂ ಬೇರೆಯಾಗಿವೆಯೇ ಎಂದರೆ ಅದೂ ಇಲ್ಲ. ಬೇಸಿಗೆಯಲ್ಲಿ ಹುಣಸೆ ತುಂಬಿದ್ದ ಗೋದಾಮಿಗೇ, ಗೋಡೆಯ ಬಿರುಕನ್ನೂ ಮುಚ್ಚದೆ, ನೆಲವನ್ನೂ ಸರಿಯಾಗಿ ಗುಡಿಸದೆ, ಹಂಗಾಮಿನಲ್ಲಿ ಶೇಂಗಾ ತುಂಬುತ್ತೇವೆ. ಹುಣಸೆಯನ್ನೂ ಶೇಂಗಾವನ್ನೂ ಒಂದೇ ಸೂರಿನಡಿ ಇಡಬಾರದೆಂಬ ಒಂದು ಸಣ್ಣ ನಿಯಮವನ್ನು ಪಾಲಿಸಿದರೂ ಅರ್ಧ ಯುದ್ಧ ಗೆದ್ದಂತೆ. ಇದಕ್ಕೆ ಸರ್ಕಾರದ ಯಾವ ಯೋಜನೆಯೂ ಬೇಕಿಲ್ಲ.

ಈ ಪುಟ್ಟ ಜೀವಿಗೆ ಅಂತರರಾಷ್ಟ್ರೀಯ ಮಹತ್ವವೂ ಉಂಟು. 2017ರಲ್ಲಿ ವಿಯೆಟ್ನಾಂ ಸರ್ಕಾರ ಭಾರತದ ಶೇಂಗಾ, ಹುಣಸೆ ಮುಂತಾದ ಕೆಲವು ಸರಕುಗಳ ಆಮದನ್ನು ತಡೆಹಿಡಿದದ್ದು ಇದೇ ದುಂಬಿಯ ಕಾರಣಕ್ಕೆ. 2025ರ ಸೆಪ್ಟೆಂಬರಿನಲ್ಲಿ ಭಾರತೀಯ ಶೇಂಗಾದ ದೊಡ್ಡ ಗಿರಾಕಿಯಾದ ಇಂಡೋನೇಷ್ಯಾ ಅಫ್ಲಾಟಾಕ್ಸಿನ್ ಹೆಚ್ಚಿದೆಯೆಂದು ಆಮದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಒಂದು ಬಾರಿ ಹುಳು, ಇನ್ನೊಂದು ಬಾರಿ ಬೂಷ್ಟು. ‘ನಾವೇನು ಹಡಗಿಗೆ ಮಾಲು ಹಾಕುವವರೇ?’ ಎಂದು ನಮ್ಮ ಸದಸ್ಯರು ಕೇಳಬಹುದು. ಹಡಗಿಗೆ ಹಾಕುವವರು ಗುಜರಾತಿನವರೇ ಇರಬಹುದು. ಅಲ್ಲಿ ರಫ್ತು ನಿಂತರೆ ಆ ಮಾಲು ದೇಶದೊಳಗೆ ತಿರುಗಿ ಬಂದು ಧಾರಣೆ ಕುಸಿಯುವುದು ಚಳ್ಳಕೆರೆಯಲ್ಲೂ ಹೌದು.

ತೊಗರಿ, ಹುರುಳಿ, ಅವರೆಗಳ ವಿಷಯದಲ್ಲಿ ಹಳಬರಿಗೆ ನಮಗಿಂತ ಹೆಚ್ಚು ಎಚ್ಚರವಿತ್ತು. ಕಾಳಿನ ದುಂಬಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಮನೆಗೆ ಬರುತ್ತದೆಂಬುದನ್ನು ಅವರು ಪುಸ್ತಕದಿಂದ ಓದದಿದ್ದರೂ, ಒಂದು ತಿಂಗಳಲ್ಲಿ ಕಾಳು ತೂತಾಗುತ್ತದೆಂಬುದನ್ನು ಬಲ್ಲವರಾಗಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಹರಳೆಣ್ಣೆ ಸವರುವುದು, ಬೂದಿ ಬೆರೆಸುವುದು, ಬೇವಿನ ಸೊಪ್ಪು ಹಾಕುವುದು, ಬೇಗ ಬೇಳೆ ಮಾಡಿಬಿಡುವುದು ಇವೆಲ್ಲ ಅರ್ಥವಿಲ್ಲದ ರೂಢಿಗಳಲ್ಲ. ಇಡೀ ಕಾಳನ್ನು ಮೆಚ್ಚುವ ಈ ದುಂಬಿ ಒಡೆದ ಬೇಳೆಯಲ್ಲಿ ಅಷ್ಟಾಗಿ ನೆಲೆಯೂರುವುದಿಲ್ಲ. ಕಿಲೋ ಕಾಳಿಗೆ ಐದರಿಂದ ಹತ್ತು ಮಿಲಿಲೀಟರ್ ಎಣ್ಣೆ ಸವರಿದರೆ ಮೊಟ್ಟೆಗಳು ಸಾಯುತ್ತವೆಂದು ಪ್ರಯೋಗಗಳೂ ದೃಢಪಡಿಸಿವೆ. ಆದರೆ ಅದು ಮನೆಯ ಪ್ರಮಾಣದ ಮಾತು. ನೂರಾರು ಚೀಲ ಇಡುವ ವರ್ತಕರು ನೆಚ್ಚಿರುವುದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು.

ಆ ಮಾತ್ರೆಯ ಬಗ್ಗೆ ಎರಡು ಮಾತು. ಅದನ್ನು ತರಬೇತಿ ಪಡೆದವರ ಮೇಲ್ವಿಚಾರಣೆಯಿಲ್ಲದೆ ಬಳಸಲು ಕಾನೂನು ಅನುಮತಿ ಕೊಡುವುದಿಲ್ಲ. ಜನ ಮಲಗುವ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಇಟ್ಟು ಪ್ರಾಣ ಕಳೆದುಕೊಂಡವರ ಸುದ್ದಿ ದೇಶದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಗಾಳಿ ನುಸುಳದಂತೆ ಹೊದಿಕೆ ಹಾಕಿ ಐದಾರು ದಿನವಾದರೂ ಬಿಡದೆ ಹೋದರೆ ಮೊಟ್ಟೆ ಮತ್ತು ಕೋಶದ ಅವಸ್ಥೆಯಲ್ಲಿರುವ ಹುಳುಗಳು ಬದುಕಿಕೊಳ್ಳುತ್ತವೆ, ಮುಂದಿನ ಪೀಳಿಗೆ ಆ ಅನಿಲಕ್ಕೆ ಜಗ್ಗದಂತಾಗುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಅನಿಲ ಹುಳುವನ್ನು ಕೊಲ್ಲಬಹುದೇ ಹೊರತು ಬೂಷ್ಟು ಈಗಾಗಲೇ ಬಿಟ್ಟುಹೋದ ವಿಷವನ್ನು ತೆಗೆಯಲಾರದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಹುಳು ಕೊರೆದಲ್ಲಿ ಬೀಜದ ಸಿಪ್ಪೆ ಹರಿದು, ಹುಳುವಿನ ಉಸಿರಿನಿಂದ ಚೀಲದೊಳಗೆ ಬಿಸಿಯೂ ತೇವವೂ ಏರಿ, ಬೂಷ್ಟಿಗೆ ದಾರಿಯಾಗುವುದರಿಂದ ಇವೆರಡನ್ನೂ ಬೇರೆ ಬೇರೆ ರೋಗಗಳೆಂದು ನೋಡುವುದೇ ತಪ್ಪು.

ಇನ್ನು ಕೆಟ್ಟ ಬೀಜದ ಗತಿ ಏನಾಗುತ್ತದೆ ಎಂಬ ಪ್ರಶ್ನೆ. ನಮ್ಮ ಪತ್ರಿಕೆಯ ಪುಟಗಳಲ್ಲಿ ಇದನ್ನು ಚರ್ಚಿಸಲು ಸಂಕೋಚವಾಗುವುದು ಸಹಜ, ಆದರೂ ಚರ್ಚಿಸಲೇಬೇಕು. ಎಚ್‌ಪಿಎಸ್ ದರ್ಜೆಗೆ ಬೀಜ ಆರಿಸುವಾಗ ಹೆಣ್ಣುಮಕ್ಕಳು ಕುಳಿತು ಸುಕ್ಕುಗಟ್ಟಿದ್ದು, ಬಣ್ಣ ಕೆಟ್ಟದ್ದು, ಬೂಷ್ಟು ಹಿಡಿದದ್ದು, ಹುಳು ಕೊರೆದದ್ದನ್ನೆಲ್ಲ ಬೇರ್ಪಡಿಸುತ್ತಾರೆ. ಆರಿಸಿದ ಒಳ್ಳೆಯ ಬೀಜ ದೂರದ ಊರಿಗೆ ಹೋಗುತ್ತದೆ. ಬೇರ್ಪಟ್ಟದ್ದು ಎಸೆಯಲ್ಪಡುವುದಿಲ್ಲ. ಕಡಿಮೆ ದರಕ್ಕೆ ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಅಂದರೆ ಇಡೀ ಲಾಟಿನ ವಿಷವನ್ನು ಒಂದೆಡೆ ಸಂಗ್ರಹಿಸಿ, ಅದನ್ನು ನಮ್ಮದೇ ಊರಿನವರಿಗೆ, ನಮ್ಮದೇ ದನಕರುಗಳಿಗೆ ಉಣಿಸುವ ವ್ಯವಸ್ಥೆ ಇದು.

ಎಕ್ಸ್‌ಪೆಲ್ಲರಿನಲ್ಲಿ ಅರೆದಾಗ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ತನಿಖೆ ಕೊನೆಗೆ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯ ಬಳಿ ನಿಂತಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದೇ ಆ ಪ್ರಕರಣದಿಂದ. ದೂರದ ಮಾತಾಯಿತೆನ್ನುವವರಿಗೆ, 1966ರಲ್ಲಿ ನಮ್ಮದೇ ಆಗಿನ ಮೈಸೂರು ರಾಜ್ಯದಲ್ಲಿ ಶೇಂಗಾ ಹಿಂಡಿಯ ವಿಷದಿಂದ ಕೋಳಿಮರಿಗಳು ಸತ್ತ ಪ್ರಕರಣ ವಿಜ್ಞಾನಿಗಳ ದಾಖಲೆಯಲ್ಲಿದೆ. ಹಸು ಸಾಯುವುದಿಲ್ಲ, ಆದರೆ ತಿಂದ ವಿಷದ ನೂರರಲ್ಲಿ ಒಂದೆರಡು ಪಾಲನ್ನು, ಹೆಚ್ಚು ಹಾಲು ಕೊಡುವ ಹಸುವಾದರೆ ಅದಕ್ಕಿಂತ ಹೆಚ್ಚನ್ನು, ಹಾಲಿನಲ್ಲಿ ಬಿಟ್ಟುಕೊಡುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳ ಪೈಕಿ 368ರಲ್ಲಿ, ಅಂದರೆ ಶೇಕಡ 5.7ರಷ್ಟರಲ್ಲಿ, ಅಫ್ಲಾಟಾಕ್ಸಿನ್ ಎಂ1 ಮಿತಿಯನ್ನು ಮೀರಿತ್ತು. ಹಾಲಿಗೆ ನೀರು ಬೆರೆಸುವವರನ್ನು ನಾವು ದೂರುತ್ತೇವೆ. ಈ ಬೆರಕೆ ಹಾಲಿನವನ ಕೈಯಿಂದ ಆದದ್ದಲ್ಲ, ಹಿಂಡಿ ಚೀಲದಿಂದ ಆದದ್ದು. ದೇವರ ಎತ್ತುಗಳಿಗೆ ಹೆಸರಾದ ನನ್ನಿವಾಳದಂಥ ಊರಿನಲ್ಲಿ ದನದ ಮೇವೆಂದರೆ ಬಹುಮಟ್ಟಿಗೆ ಶೇಂಗಾ ಬಳ್ಳಿಯೇ. ಬಣವೆಯಲ್ಲಿ ಮುಗ್ಗಿದ ಬಳ್ಳಿಯ ವಿಷಯದಲ್ಲೂ ಇದೇ ಎಚ್ಚರ ಬೇಕು.

ಎಣ್ಣೆಯ ವಿಚಾರಕ್ಕೆ ಬಂದರೆ, ಕ್ಷಾರ ಹಾಕಿ ಸಂಸ್ಕರಿಸಿದ ಎಣ್ಣೆಯಲ್ಲಿ ವಿಷ ಉಳಿಯುವುದಿಲ್ಲ. ಸಂಸ್ಕರಿಸದ ಎಣ್ಣೆಯಲ್ಲಿ, ಅದರಲ್ಲೂ ಮಡ್ಡಿ ಸರಿಯಾಗಿ ತಿಳಿಯಾಗದ ಎಣ್ಣೆಯಲ್ಲಿ, ಸ್ವಲ್ಪ ಉಳಿಯುತ್ತದೆ. ಎಣ್ಣೆಯನ್ನು ಬಿಸಿಲಿಗೆ ಒಡ್ಡಿದರೆ ಈ ವಿಷ ನಾಶವಾಗುತ್ತದೆಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿದ್ದರು. ಈಚಿನ ವರ್ಷಗಳಲ್ಲಿ ಮರದ ಗಾಣದ ಎಣ್ಣೆಗೆ ಪಟ್ಟಣಗಳಲ್ಲಿ ಒಳ್ಳೆಯ ಬೇಡಿಕೆ ಬಂದಿದೆ. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದಂದಿನಿಂದ ಸೊರಗುತ್ತ ಬಂದ ನಮ್ಮ ಎಣ್ಣೆ ಉದ್ಯಮಕ್ಕೆ ಇದೊಂದು ಆಸರೆ. ಮುಂಬಯಿಯನ್ನು ಬಿಟ್ಟರೆ ಎಣ್ಣೆಗೆ ಚಳ್ಳಕೆರೆಯೇ ಎಂಬ ಮಾತು ಕೇಳಿಬರುತ್ತಿದ್ದ ಊರಿನಲ್ಲಿ ಈಗ ಮುಚ್ಚಿದ ಮಿಲ್ಲುಗಳ ಹೊಗೆಗೂಡುಗಳನ್ನು ನೋಡುತ್ತಿರುವ ನಮಗೆ ಗಾಣದೆಣ್ಣೆಯ ಈ ಹೊಸ ಮಾರುಕಟ್ಟೆ ಬಹಳ ಬೆಲೆಯುಳ್ಳದ್ದು. ಆದರೆ ಶುದ್ಧವೆಂದು ಹೆಚ್ಚು ದರಕ್ಕೆ ಮಾರುವ ಎಣ್ಣೆಗೆ ಸಂಸ್ಕರಣೆಯ ರಕ್ಷಣೆಯಿಲ್ಲ, ಬೀಜದ ಆಯ್ಕೆಯೊಂದೇ ರಕ್ಷಣೆ. ಆರಿಸಿ ಬಿಟ್ಟ ಬೀಜ ಅಗ್ಗವಾಗಿ ಸಿಗುತ್ತದೆಂದು ಗಾಣಕ್ಕೆ ಹಾಕುವವನು ತನ್ನ ಗಿರಾಕಿಗೆ ಮಾತ್ರವಲ್ಲ, ಈ ಕಸುಬಿನಲ್ಲಿರುವ ಎಲ್ಲರಿಗೂ ದ್ರೋಹ ಮಾಡುತ್ತಾನೆ. ಹೆಸರು ಕೆಡಲು ಒಂದು ಪ್ರಯೋಗಾಲಯದ ವರದಿ ಸಾಕು. ಶಾಲಾ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣಿನ ಜೊತೆಗೆ ಆಯ್ಕೆಯಾಗಿದ್ದ ಶೇಂಗಾ ಚಿಕ್ಕಿಯನ್ನು ರಾಜ್ಯ ಸರ್ಕಾರ 2025ರಲ್ಲಿ ಕೈಬಿಟ್ಟಾಗ ಎಷ್ಟು ದೊಡ್ಡ ಗಿರಾಕಿ ಒಮ್ಮೆಗೇ ಹೋಯಿತೆಂಬುದನ್ನು ನಮ್ಮ ಸಣ್ಣ ತಯಾರಕರು ಕಂಡಿದ್ದಾರೆ.

ಕಾನೂನಿನ ಮಿತಿ ಎಷ್ಟು ಸೂಕ್ಷ್ಮವೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಮುಂದೆ ಸಂಸ್ಕರಿಸುವ ಶೇಂಗಾಕ್ಕೆ ನಮ್ಮ ದೇಶದಲ್ಲಿ ಕಿಲೋಗೆ 15 ಮೈಕ್ರೋಗ್ರಾಂ, ನೇರವಾಗಿ ತಿನ್ನುವುದಕ್ಕೆ 10. ಯುರೋಪಿನಲ್ಲಿ ನೇರ ಬಳಕೆಗೆ ನಾಲ್ಕೇ. ಹದಿನೈದು ಎಂದರೆ ಒಂದು ಟನ್ ಶೇಂಗಾದಲ್ಲಿ 15 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಈ ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದೂ ಇಲ್ಲ. ಸುಮಾರು ಮೂರು ಸಾವಿರ ಬೀಜಗಳಿರುವ ಒಂದು ಕಿಲೋದಲ್ಲಿ ತೀರಾ ಕೆಟ್ಟ ಒಂದೇ ಬೀಜ ಇಡೀ ಕಿಲೋವನ್ನು ಮಿತಿ ಮೀರಿಸಬಲ್ಲದು. ಆದ್ದರಿಂದಲೇ ಯುರೋಪಿನವರು ದೊಡ್ಡ ಲಾಟಿನಿಂದ 20 ಕಿಲೋ ಮಾದರಿ ತೆಗೆಯುತ್ತಾರೆ. ನಾವು ಹಿಡಿ ಕಾಯಿ ಒಡೆದು ನೋಡಿ ಬೂಷ್ಟಿಲ್ಲವೆಂದು ತೀರ್ಮಾನಿಸುವುದಕ್ಕೆ ಅರ್ಥವಿಲ್ಲ. ಇದರ ಇನ್ನೊಂದು ಮುಖ ಆಶಾದಾಯಕವಾದದ್ದು. ವಿಷ ಕೆಲವೇ ಬೀಜಗಳಲ್ಲಿ ಕೂಡಿಕೊಂಡಿರುವುದರಿಂದ, ಆ ಕೆಲವನ್ನು ಆರಿಸಿ ತೆಗೆದರೆ ಉಳಿದ ಮಾಲು ನಿಜವಾಗಿಯೂ ಶುದ್ಧವಾಗುತ್ತದೆ. ಆರಿಸಿ ತೆಗೆದದ್ದು ಮತ್ತೆ ಆಹಾರದ ದಾರಿಗೆ ಬರಬಾರದು, ಅಷ್ಟೇ.

ಪ್ರತಿ ಲಾಟಿಗೂ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಿರೆಂದು ನಾನು ಹೇಳುತ್ತಿಲ್ಲ. ಈಗಿನ ಧಾರಣೆಯಲ್ಲಿ ಅದು ಯಾರಿಗೂ ಗಿಟ್ಟದು. ಆದರೆ ತೇವಾಂಶ ಮಾಪಕ ದುಬಾರಿಯ ಸಾಧನವಲ್ಲ, ಒಂದು ಮಾದರಿಗೆ ಒಂದೆರಡು ನಿಮಿಷ ಸಾಕು. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಆನ್‌ಲೈನ್ ಟೆಂಡರ್ ಆರಂಭವಾದಾಗ ಗುಣಮಟ್ಟದ ಪರೀಕ್ಷೆಯೂ ಜೊತೆಗೇ ಬರುತ್ತದೆಂಬುದು ಅದರ ಆಶಯವಾಗಿತ್ತು. ಟೆಂಡರ್ ಬಂತು, ಪರೀಕ್ಷೆ ಅದೇ ವೇಗದಲ್ಲಿ ಬರಲಿಲ್ಲ. ಅದನ್ನು ಸರ್ಕಾರವೇ ಮಾಡಲೆಂದು ಕಾಯುವ ಬದಲು ನಮ್ಮ ಮಂಡಳಿ ಖರೀದಿದಾರರನ್ನೂ ದಲಾಲರನ್ನೂ ಕೂರಿಸಿ ಒಂದು ಒಪ್ಪಂದಕ್ಕೆ ಬರಬಹುದು. ಟೆಂಡರಿಗೆ ಮೊದಲು ಪ್ರತಿ ರಾಶಿಯ ತೇವಾಂಶವನ್ನು ಅಳೆದು ಚೀಟಿಯಲ್ಲಿ ಬರೆದು ರಾಶಿಯ ಮೇಲೆ ಇಡುವುದು. ಶೇಕಡ 8ನ್ನು ಆಧಾರವೆಂದು ಹಿಡಿದು, ಅದಕ್ಕೆ ಮೀರಿದ ಪ್ರತಿ ಒಂದು ಪಾಲಿಗೆ ತೂಕದಲ್ಲಿ ಅಷ್ಟನ್ನೇ ಕಳೆದು, ಒಣಗಿಸುವ ಕೂಲಿಯನ್ನೂ ಸೇರಿಸುವುದು. ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಪ್ರಾಮಾಣಿಕವಾಗಿ ಕೂಡಿಸುವುದು. ಕಳೆಯುವುದನ್ನು ಮಾತ್ರ ಜಾರಿಗೆ ತಂದು ಕೂಡಿಸುವುದನ್ನು ಮರೆತರೆ ರೈತರು ಅದನ್ನು ಹೊಸ ಹೆಸರಿನ ಹಳೆಯ ಕಡಿತವೆಂದೇ ತಿಳಿಯುತ್ತಾರೆ, ಹಾಗೆ ತಿಳಿದರೆ ತಪ್ಪೂ ಅಲ್ಲ. ಶೇಕಡ 12ನ್ನು ಮೀರಿದ ಮಾಲನ್ನು ಅಂದು ಟೆಂಡರಿಗೇ ಹಾಕದೆ, ಪ್ರಾಂಗಣದಲ್ಲಿ ಒಣಗಿಸಲು ಜಾಗ ಕೊಡಬೇಕು.

ಹೀಗೆ ಮಾಡಿದರೆ ಮಾಲು ಪಾವಗಡಕ್ಕೋ ಆಂಧ್ರದ ಪೇಟೆಗಳಿಗೋ ಹೋಗಿಬಿಡುತ್ತದೆಂಬ ಭಯವನ್ನು ಹಲವರು ವ್ಯಕ್ತಪಡಿಸುತ್ತಾರೆ. ಹಸಿ ಮಾಲು ಹೋಗಬಹುದು, ನಿಜ. ಒಣಗಿದ ಮಾಲು ನಮ್ಮ ಕಡೆ ಬರುವುದೂ ಅಷ್ಟೇ ನಿಜ. ಮೊದಲ ಒಂದು ಹಂಗಾಮಿನಲ್ಲಿ ಆವಕ ಕುಗ್ಗಿದರೆ ಅದನ್ನು ತಾಳಿಕೊಳ್ಳುವ ಶಕ್ತಿ ದೊಡ್ಡ ಖರೀದಿದಾರರಿಗೆ ಇದೆ, ಸಣ್ಣ ದಲಾಲರಿಗೆ ಇಲ್ಲ. ಆದ್ದರಿಂದ ಈ ಹೆಜ್ಜೆಯನ್ನು ದೊಡ್ಡವರೇ ಮೊದಲು ಇಡಬೇಕಾಗುತ್ತದೆ.

ಬಿತ್ತನೆಗೆಂದು ರೈತರು ಉಳಿಸಿಕೊಳ್ಳುವ ಕಾಯಿಯ ವಿಷಯದಲ್ಲಿ ವರ್ತಕರು ಇನ್ನೊಂದು ಉಪಕಾರ ಮಾಡಬಹುದು. ಮೂರು ಪದರದ, ಗಾಳಿಯಾಡದ ಚೀಲಗಳು ಈಗ ಮಾರುಕಟ್ಟೆಯಲ್ಲಿವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಅಲಸಂದೆ ಬೆಳೆಗಾರರಿಗೆಂದು ರೂಪಿಸಿದ ಈ ಚೀಲವನ್ನು ಇಕ್ರಿಸ್ಯಾಟ್ ಶೇಂಗಾದಲ್ಲಿಯೂ ಪರೀಕ್ಷಿಸಿ ದುಂಬಿಯನ್ನು ತಡೆಯುವುದೆಂದು ಕಂಡುಕೊಂಡಿದೆ. ಒಳಗಿನ ಆಮ್ಲಜನಕ ಮುಗಿದಾಗ ಹುಳು ತಾನಾಗಿ ಸಾಯುತ್ತದೆ, ಮಾತ್ರೆಯ ಹಂಗಿಲ್ಲ. ಆದರೆ ಹಸಿ ಕಾಯಿಯನ್ನು ಇದರಲ್ಲಿ ಕಟ್ಟಿಟ್ಟರೆ ಗೋಣಿಚೀಲಕ್ಕಿಂತ ಬೇಗ ಕೆಡುತ್ತದೆಂಬುದನ್ನು ಮಾರುವವರು ತಪ್ಪದೆ ಹೇಳಬೇಕು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆಸಿ ಪ್ರಾಂಗಣದಲ್ಲೇ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಅರ್ಧ ದಿನದ ಕೆಲಸ.

ಉಳಿದದ್ದು ಆರಿಸಿ ಬಿಟ್ಟ ಬೀಜದ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಅತ್ಯಂತ ಕಠಿಣವಾದದ್ದು. ಅದನ್ನು ಬೇರೆಯಾಗಿಯೇ ಅರೆದು, ಎಣ್ಣೆಯನ್ನು ಸಾಬೂನಿಗೆ, ಹಿಂಡಿಯನ್ನು ತೋಟದ ಗೊಬ್ಬರಕ್ಕೆ ಕಳಿಸಬಹುದು. ಶೇಂಗಾ ಹೊಲಕ್ಕೆ ಮಾತ್ರ ಆ ಗೊಬ್ಬರ ಬೇಡ. ಹೀಗೆ ಮಾಡಿದರೆ ಸಿಗುವ ಬೆಲೆ ಪಶು ಆಹಾರದ ಬೆಲೆಗಿಂತ ಕಡಿಮೆಯೆಂಬುದರಲ್ಲಿ ಸಂದೇಹವಿಲ್ಲ. ಆ ನಷ್ಟವನ್ನು ಆರಿಸುವ ಘಟಕವೊಂದೇ ಹೊರಲಾರದು. ಎಚ್‌ಪಿಎಸ್ ಬೀಜ ಕೊಳ್ಳುವವರು, ಹಿಂಡಿ ಮಾರುವವರು, ಎಣ್ಣೆ ತಯಾರಕರು ತಮ್ಮ ತಮ್ಮ ಪಾಲನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಯಾರ ಪಾಲು ಎಷ್ಟೆಂಬುದನ್ನು ಮುಂಗಾರು ಬಿತ್ತನೆ ಮುಗಿದು ಪೇಟೆ ಬಿಡುವಾಗಿರುವ ಆಗಸ್ಟ್ ತಿಂಗಳಿನಲ್ಲೇ ಮಂಡಳಿಯ ಸಭೆಯಲ್ಲಿ ಲೆಕ್ಕ ಹಾಕಿ ಮುಗಿಸುವುದು ಮೇಲು. ಅಕ್ಟೋಬರಿನಲ್ಲಿ ಮೊದಲ ಗಾಡಿ ಬಂದು ನಿಂತ ಮೇಲೆ ಯಾರಿಗೂ ಲೆಕ್ಕ ಹಾಕುವಷ್ಟು ವ್ಯವಧಾನ ಇರುವುದಿಲ್ಲ.